ಹೆಡ್‌ಫೋನ್ ಸುಟ್ಟ ಪ್ರಕರಣ: ಆಂಪ್ಲಿಫೈಯರ್ ಹೇಳಿಕೆ

ಫೋನು, ಕಂಪ್ಯೂಟರುಗಳಿಂದ ಬರುವ ಸಣ್ಣ ಸಂಕೇತಕ್ಕೆ ಹೆಡ್‌ಫೋನ್ ನುಡಿಸುವಷ್ಟು ಬಲ ತುಂಬುವ ಉಪಕರಣವೇ ಹೆಡ್‌ಫೋನ್ ಆಂಪ್ಲಿಫೈಯರ್. ಹೆಡ್‌ಫೋನ್ ಸುಟ್ಟಾಗ ಮೊದಲ ಆರೋಪಿ ಇದೇ. ಸರ್ಕಾರಿ ಕಚೇರಿಯ ಭಾಷೆಯಲ್ಲಿ ಪಳಗಿದ ಇದು ‘ನಾನು’ ಎಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಹೊಣೆ ಅಂಟೀತು.

ಪ್ರಶ್ನೆ: ಹೆಡ್‌ಫೋನಿನಲ್ಲಿ ಸುಡುವುದು ಏನು?

ಆಂಪ್ಲಿಫೈಯರ್: ವಾಯ್ಸ್ ಕಾಯಿಲ್. ಕೂದಲೆಳೆಯಂಥ ತಂತಿಯ ಈ ಸುರುಳಿ ತೆಳುಪೊರೆಗೆ ಅಂಟಿಕೊಂಡು ಆಯಸ್ಕಾಂತದ ಸಂದಿನಲ್ಲಿ ಅಲುಗುತ್ತದೆ. ಕರೆಂಟು ಹೆಚ್ಚಾದರೆ ತಂತಿ ಕಾದು ಅಂಟು ಬಿಡುತ್ತದೆ. ಅಲುಗಾಟ ಮಿತಿ ಮೀರಿದರೆ ಪೊರೆ ಹಾಳಾಗುತ್ತದೆ.

ಪ್ರಶ್ನೆ: ಹೆಚ್ಚು ಕೊಟ್ಟವರು ಯಾರು?

ಆಂಪ್ಲಿಫೈಯರ್: ನಾಬ್ ತಿರುಗಿಸಿದ ಕೈ. ಕೇಳಿದಷ್ಟು ಮಂಜೂರು ಮಾಡುವುದಷ್ಟೇ ಆಂಪ್ಲಿಫೈಯರಿನ ಕೆಲಸ. ಸೆನ್‌ಹೈಸರ್ ಎಚ್‌ಡಿ 600ರಂಥ, 300 ಓಮ್ ವಿದ್ಯುತ್ ತಡೆಯ ಹೆಡ್‌ಫೋನಿಗೆ 4 ವೋಲ್ಟ್ ಹೋದರೆ ಸುಮಾರು 53 ಮಿಲಿವ್ಯಾಟ್. ಅದನ್ನು ಕಿತ್ತು 32 ಓಮಿನದನ್ನು ಸಿಕ್ಕಿಸಿದರೆ, ನಾಬ್ ಕದಲದಿದ್ದರೂ, 500 ಮಿಲಿವ್ಯಾಟ್. ಹೆಡ್‌ಫೋನ್ ಬದಲಿಸುವ ಮುನ್ನ ವಾಲ್ಯೂಮ್ ಸೊನ್ನೆಗಿಳಿಯಬೇಕು, ಗೇನ್ ಸ್ವಿಚ್ ‘ಲೋ’ನಲ್ಲಿರಬೇಕು ಎಂಬ ಸುತ್ತೋಲೆ ಇದಕ್ಕಾಗಿಯೇ. ಓದಿದವರು ಕಡಿಮೆ.

ಪ್ರಶ್ನೆ: ಹಾಡು ನಿಂತಿದ್ದಾಗಲೂ ಸುಟ್ಟ ದೂರುಗಳಿವೆಯಲ್ಲ?

ಆಂಪ್ಲಿಫೈಯರ್: ಅದು ಡಿಸಿ ಆಫ್‌ಸೆಟ್. ಔಟ್‌ಪುಟ್ಟಿಗೆ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತು, ಸೋರಿದರೆ ಪೊರೆ ಒಂದೇ ಕಡೆಗೆ ವಾಲಿ ನಿಲ್ಲುತ್ತದೆ, ಕಾಯಿಲ್ ಸದ್ದಿಲ್ಲದೆ ಬಿಸಿಯಾಗುತ್ತದೆ. ಹೆಡ್‌ಫೋನ್ ಕಳಚಿ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಬರಿಯ ಪ್ಲಗ್ ಸಿಕ್ಕಿಸಿ ಮಲ್ಟಿಮೀಟರಿನಲ್ಲಿ ಎಡ, ಬಲ ಎರಡನ್ನೂ ಗ್ರೌಂಡಿನೊಂದಿಗೆ ಅಳೆಯಬಹುದು. 20 ಮಿಲಿವೋಲ್ಟಿನೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 50 ದಾಟಿದರೆ ರಿಪೇರಿಯವರನ್ನು ಕಾಣುವುದು ಲೇಸು.

ಪ್ರಶ್ನೆ: ಆನ್ ಮಾಡಿದಾಗ ಬರುವ ‘ಧಡ್’ ಸದ್ದಿಗೂ ಆ ಕೈಯೇ ಕಾರಣವೆ?

ಆಂಪ್ಲಿಫೈಯರ್: ಈ ವಿಷಯದಲ್ಲಿ ಆಂಪ್ಲಿಫೈಯರ್ ವಿಷಾದಿಸುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಮಾದರಿಗಳಲ್ಲಿ ಔಟ್‌ಪುಟ್ ಕೆಪಾಸಿಟರ್ ಚಾರ್ಜ್ ಆಗುವ ಕರೆಂಟು ಹೆಡ್‌ಫೋನಿನ ಮೂಲಕವೂ ಹರಿಯುತ್ತದೆ. ನಾಬ್ ಇರುವುದು ಸಾಮಾನ್ಯವಾಗಿ ಅದಕ್ಕಿಂತ ಹಿಂದಿನ ಹಂತದಲ್ಲಿ. ಹಾಗಾಗಿ ವಾಲ್ಯೂಮ್ ಸೊನ್ನೆಯಲ್ಲಿದ್ದರೂ ಪೆಟ್ಟು ತಪ್ಪದು. ರಿಲೇ (ತಾನೇ ಕೂಡಿಕೊಳ್ಳುವ ಸ್ವಿಚ್ಚು) ಇರುವ ಆಂಪ್ಲಿಫೈಯರುಗಳಲ್ಲಿ ಈ ಪೆಟ್ಟು ತಪ್ಪುತ್ತದೆ: ಕೆಲವು ಸೆಕೆಂಡು ಕಳೆದ ಮೇಲೆ ‘ಟಕ್’ ಎಂದು ಹೆಡ್‌ಫೋನಿಗೆ ಸಂಪರ್ಕ ಸಿಗುತ್ತದೆ.

ಪ್ರಶ್ನೆ: ಆಂಪ್ಲಿಫೈಯರಿಗೂ ಏನಾದರೂ ದೂರಿದೆಯೆ?

ಆಂಪ್ಲಿಫೈಯರ್: ಇದೆ. 6.35 ಮಿ.ಮೀ. ಪ್ಲಗ್ ಒಳಹೋಗುವಾಗ ಸಂಪರ್ಕಗಳು ಕ್ಷಣಕಾಲ ಶಾರ್ಟ್ ಆಗುತ್ತವೆ. ರಕ್ಷಣೆಯಿಲ್ಲದಿದ್ದರೆ ಅಲ್ಲಿ ಬಲಿಯಾಗುವುದು ಆಂಪ್ಲಿಫೈಯರೇ. ಆ ಪ್ರಕರಣದಲ್ಲಿ ಸಂದರ್ಶನಕ್ಕೆ ಇದುವರೆಗೆ ಯಾರೂ ಬಂದಿಲ್ಲ.

ತೀರ್ಮಾನ: ಆರೋಪಿಗಳು ಇಬ್ಬರು, ಕೈ ಮತ್ತು ಆಂಪ್ಲಿಫೈಯರ್; ಇಬ್ಬರಿಗೂ ಪಾಲಿಸಬೇಕಾದ ಕ್ರಮ ಒಂದೇ. ಮೊದಲು ಹಾಡಿನ ಮೂಲ, ಆಮೇಲೆ ಆಂಪ್ಲಿಫೈಯರ್ ಆನ್ ಆಗಬೇಕು. ಅದು ಸ್ಥಿರವಾದ ಮೇಲೆ, ವಾಲ್ಯೂಮ್ ಸೊನ್ನೆಯಲ್ಲಿರುವಾಗ ಹೆಡ್‌ಫೋನ್ ಸಿಕ್ಕಿಸಿ ನಿಧಾನವಾಗಿ ಏರಿಸಬೇಕು. ಮುಗಿಸುವಾಗ ವಾಲ್ಯೂಮ್ ಇಳಿಸಿ, ಹೆಡ್‌ಫೋನ್ ಕಳಚಿ, ಆಮೇಲಷ್ಟೇ ಆಂಪ್ಲಿಫೈಯರ್ ಆಫ್ ಮಾಡಬೇಕು.