ಹೊಗೆ ಅಳಿಯಂದು, ಜಿಡ್ಡು ಅತ್ತೆಯದು

ಮಾವಿನ ಸುಗ್ಗಿ ಬಂತೆಂದರೆ ಶ್ರೀನಿವಾಸಪುರದ ಕಡೆ ಎರಡು ನಮೂನೆ ಗಾಡಿ ಓಡಾಡುತ್ತವೆ. ಮಂಡಿಗೆ ಬಾದಾಮಿ, ತೋತಾಪುರಿ ಹೊತ್ತ ಟ್ರ್ಯಾಕ್ಟರು ಒಂದು. ತೋಟಕ್ಕೆ ಬೆಂಗಳೂರಿನ ಅಳಿಯನನ್ನು ಹೊತ್ತ ಕಾರು ಇನ್ನೊಂದು. ಮೊದಲನೆಯದರಿಂದ ನಾಲ್ಕು ಕಾಸು ಬರುತ್ತದೆ. ಎರಡನೆಯದರ ಡಿಕ್ಕಿಯಿಂದ ಈಚೀಚೆಗೆ ಒಂದು ಕರೀ ಡ್ರಮ್ಮು ಇಳಿಯುತ್ತಿದೆ. ಸ್ಮೋಕರ್ ಅಂತೆ.

ಕೆಳಗೆ ಇದ್ದಿಲು, ನಡುವೆ ನೀರಿನ ಬಟ್ಟಲು, ಮೇಲೆ ಜಾಲರಿ, ಎಲ್ಲಕ್ಕೂ ಒಂದು ಮುಚ್ಚಳ. ಕೆಂಡದ ಮೇಲೆ ಒಣಗಿದ ಮಾವಿನ ಚೆಕ್ಕೆ ಒಂದೆರಡು ಎಸೆದು, ಮಾಂಸವನ್ನು ಗಂಟೆಗಟ್ಟಲೆ ಹೊಗೆಯಲ್ಲೇ ಬೇಯಿಸಬೇಕು. 'ಇದಕ್ಕೆ ತಾಳ್ಮೆ ಮುಖ್ಯ ಮಾವ' ಎಂದು ಅಳಿಯ ಉಪದೇಶ ಮಾಡುತ್ತಾನೆ. ಆ ತಾಳ್ಮೆಯ ಆಯುಸ್ಸು ಕೈ ತೊಳೆಯುವವರೆಗೆ. ಆಮೇಲೆ ಅಳಿಯ ಮರದ ನೆರಳಲ್ಲಿ ಗೊರಕೆ, ಜಿಡ್ಡಿನ ತಟ್ಟೆ ಅತ್ತೆಯ ಮುಂದೆ.

'ಅಯ್ಯೋ, ನೀವ್ಯಾಕೆ ಅಳಿಯಂದ್ರೇ, ಬಿಡಿ, ನಾನು ತೊಳೀತೀನಿ' ಎನ್ನುತ್ತಾರೆ ಅತ್ತೆ. ಅದನ್ನು ಉಪಚಾರ ಅಂದುಕೊಳ್ಳಬೇಡಿ, ಮುಂಜಾಗ್ರತೆ. ಏಕೆಂದರೆ ಅಳಿಯ ತೊಳೆಯಲು ಕೂತರೆ ಇನ್ನೂ ಕಷ್ಟ. ಸೋಪು ಹಾಕಿ, ಸ್ಟೀಲಿನ ನಾರಿನಲ್ಲಿ ಕಬ್ಬಿಣದ ಜಾಲರಿಯನ್ನು ಬೆಳ್ಳಗಾಗುವ ತನಕ ಉಜ್ಜಿ, ಫೋಟೋ ಬೇರೆ ತೆಗೆಯುತ್ತಾನೆ. ಮುಂದಿನ ಸಲ ಬಂದು ನೋಡಿದರೆ ಕೆಂಪಗೆ ತುಕ್ಕು. ಅತ್ತೆ ದೋಸೆ ಕಾವಲಿಯನ್ನು ಯಾವತ್ತಾದರೂ ಸೋಪು ಹಾಕಿ ತಿಕ್ಕಿದ್ದುಂಟೇ? ಎಣ್ಣೆ ಕಾದು ಕಾದು ಕಬ್ಬಿಣಕ್ಕೆ ಅಂಟಿದ ಆ ತೆಳು ಕಪ್ಪೇ ಅದರ ಕವಚ. ಜಾಲರಿಗೂ ಅದೇ ನ್ಯಾಯ. ಬಿಸಿ ಇರುವಾಗಲೇ ಸುಟ್ಟು ಹಿಡಿದದ್ದನ್ನು ಕೆರೆದು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರಿದರೆ ಮುಗಿಯಿತು. ತಂತಿ ಬ್ರಶ್ಶಿನಲ್ಲಿ ಕೆರೆದರೆ ಕೊನೆಗೊಮ್ಮೆ ಬಟ್ಟೆಯಿಂದ ಒರೆಸಿ. ಮುರಿದ ತಂತಿ ಕಬಾಬಿನ ಜೊತೆ ಗಂಟಲಿಗೆ ಇಳಿದರೆ ತಮಾಷೆಯಲ್ಲ.

ಮುಚ್ಚಳದ ಒಳಗಡೆ ಕರೀ ಹಕ್ಕಳೆ ಏಳುತ್ತದೆ. ಅದನ್ನು ನೋಡಿ ಅಳಿಯನಿಗೆ ಸಿಟ್ಟು: 'ಪೇಂಟು ಕಿತ್ತು ಬರ್ತಿದೆ, ಕಂಪನಿಗೆ ಕಂಪ್ಲೇಂಟ್ ಮಾಡ್ತೀನಿ.' ಪೇಂಟೂ ಅಲ್ಲ, ಮಣ್ಣೂ ಅಲ್ಲ. ಹೊಗೆಯೂ ಕೊಬ್ಬೂ ಸೇರಿ ಒಣಗಿದ ಮಸಿ. ಮುದ್ದೆ ಮಾಡಿದ ಹಳೇ ಪೇಪರಿನಿಂದ ಉಜ್ಜಿದರೆ ಉದುರುತ್ತದೆ, ಉಜ್ಜದಿದ್ದರೆ ಮಾಂಸದ ಮೇಲೆ ಉದುರುತ್ತದೆ. ಅದು ಡಾಂಬರಿನಂತೆ ಕೈಗೆ ಅಂಟಿದರೆ ತಪ್ಪು ಡ್ರಮ್ಮಿನದಲ್ಲ. ಹಸಿ ಕಟ್ಟಿಗೆ ಹಾಕಿ, ಗಾಳಿಕಂಡಿ ಮುಚ್ಚಿ, ಬೆಂಕಿಯನ್ನು ಉಸಿರುಗಟ್ಟಿಸಿದವರದು.

ಇನ್ನು ನಿಜವಾಗಿ ತೊಳೆಯಬೇಕಾದದ್ದು ಜಾಲರಿಯ ಕೆಳಗೆ ಕೊಬ್ಬು ತೊಟ್ಟಿಕ್ಕುವ ಜಿಡ್ಡಿನ ತಟ್ಟೆ. ಅಲ್ಲಿಗೆ ಅಳಿಯನ ಕಣ್ಣೇ ಹೋಗುವುದಿಲ್ಲ, ಇರುವೆಯದು, ಇಲಿಯದು, ಬೀದಿ ನಾಯಿಯದು ಹೋಗುತ್ತದೆ. ಬಿಟ್ಟರೆ ಕಮಟು ವಾಸನೆ. ಮರೆತು ಇನ್ನೊಮ್ಮೆ ಕೆಂಡ ಹಾಕಿದರೆ ಜಿಡ್ಡಿಗೇ ಬೆಂಕಿ. ಆಗ ಗಾಬರಿಯಲ್ಲಿ ಬಿಂದಿಗೆ ನೀರು ಸುರಿದೀರಿ ಜೋಕೆ, ಉರಿಯುವ ಕೊಬ್ಬು ನೀರು ತಾಕಿದರೆ ಮುಖಕ್ಕೇ ಹಾರುತ್ತದೆ. ಮುಚ್ಚಳ ಹಾಕಿ ಕಂಡಿಗಳನ್ನೆಲ್ಲ ಮುಚ್ಚಬೇಕು.

ತೊಳೆಯುವ ಉಪಾಯ ಅತ್ತೆಗೆ ಗೊತ್ತು. ಕುರಿ ಕೊಬ್ಬು ಆರಿದರೆ ಗಟ್ಟಿಯಾಗಿ ಕೂರುತ್ತದೆ. ಆಗ ಕೆರೆದು ಕಾಗದಕ್ಕೆ ಹಾಕಬೇಕು, ಬಿಸಿಬಿಸಿಯಾಗಿ ಬಚ್ಚಲಿಗೆ ಸುರಿದರೆ ಕೊಳವೆಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಉಳಿದ ಪಸೆಗೆ ಬಿಸಿನೀರು, ತೆಂಗಿನ ನಾರು, ಒಂದು ಹಿಡಿ ಬೂದಿ. ಕಟ್ಟಿಗೆಯ ಬೂದಿಯಲ್ಲಿರುವ ಕ್ಷಾರ ಕೊಬ್ಬಿನ ಜೊತೆ ಸೇರಿದರೆ ಅಲ್ಲೇ ಒಂದಿಷ್ಟು ಸೋಪು ಹುಟ್ಟುತ್ತದೆ. ಹುಣಸೆಹಣ್ಣು ಇಲ್ಲಿ ಬೇಡ, ಅದರ ಹುಳಿ ಹಿತ್ತಾಳೆ ತಾಮ್ರಕ್ಕೆ ಸರಿ. ತಟ್ಟೆ ಅಲ್ಯೂಮಿನಿಯಂದಾದರೆ ಬೂದಿಯೂ ಬೇಡ, ಕ್ಷಾರ ತಟ್ಟೆಯನ್ನೇ ತಿನ್ನುತ್ತದೆ. ಪಾತ್ರೆ ಸೋಪೇ ಸಾಕು.

ಮಜಾ ನೋಡಿ, ಜಿಡ್ಡು ಮಾಡುವ ಡ್ರಮ್ಮೇ ಜಿಡ್ಡು ತೆಗೆಯುವ ಪುಡಿಯನ್ನೂ ತಳದಲ್ಲಿ ಪುಕ್ಕಟೆ ಕೊಡುತ್ತದೆ. ಅಳಿಯ ಅದನ್ನು ಬೇಲಿಯಾಚೆ ಎಸೆದು, ನೀಲಿ ಬಾಟಲಿಯೊಂದನ್ನು ಆನ್‌ಲೈನಿನಲ್ಲಿ ತರಿಸುತ್ತಾನೆ. ಎಸೆಯುವಾಗಲೂ ಹುಷಾರು: ಬೂದಿಯೊಳಗೆ ಕೆಂಡ ಮಾರನೆಯ ದಿನದವರೆಗೂ ಜೀವ ಹಿಡಿದಿರುತ್ತದೆ, ತೋಟದ ತುಂಬ ತರಗೆಲೆ. ಹಾಗಂತ ಡ್ರಮ್ಮಿನಲ್ಲೇ ಬಿಟ್ಟರೆ ಮಳೆಗಾಲದ ಪಸೆ ಹೀರಿಕೊಂಡು ತಳವನ್ನು ತೂತು ಮಾಡುತ್ತದೆ.

ಪರಿಹಾರ ಒಂದೇ. ತಟ್ಟೆ ತೊಳೆದವರಿಗೆ ಮೊದಲ ತುಂಡು ಅಂತ ಮನೆಯಲ್ಲೊಂದು ಕಾನೂನು ಮಾಡಿ. ಮುಂದಿನ ಸುಗ್ಗಿಗೆ ಅಳಿಯ ಬಿರಿಯಾನಿ ಪಾರ್ಸೆಲ್ಲು ಹಿಡಿದು ಇಳಿಯದಿದ್ದರೆ ಕೇಳಿ!