ರಂಗಮಂದಿರ ಎರಡನೇ ಹಂತದಲ್ಲಿ

ಸಲಹೆಗಾರ: ಮೇಷ್ಟ್ರೇ, ಕಲಾಗ್ರಾಮದ ಬಿಸಿನೆಸ್ ಪ್ಲಾನ್ ರೆಡಿ! ಫುಡ್ ಕೋರ್ಟ್, ಪಾರ್ಕಿಂಗ್, ಸೆಲ್ಫಿ ಪಾಯಿಂಟ್, ವಿಐಪಿ ಲಾಂಜ್.

ಮೇಷ್ಟ್ರು: ರಂಗಮಂದಿರ ಎಲ್ಲಪ್ಪಾ?

ಸಲಹೆಗಾರ: ಎರಡನೇ ಹಂತದಲ್ಲಿ, ಅನುದಾನ ಬಂದ್ರೆ.

ಮೇಷ್ಟ್ರು: ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅಲ್ಲಿ ಮೊದಲು ನಾಟಕ ಬಂತು, ಆಮೇಲೆ ಕಟ್ಟಡ.

ಸಲಹೆಗಾರ: ಅವರ ರೆವಿನ್ಯೂ ಮಾಡೆಲ್ಲು?

ಮೇಷ್ಟ್ರು: ಮೊದಲು ಪ್ರೇಕ್ಷಕರನ್ನ ಬೆಳೆಸಿದ್ರು. 1985ರಲ್ಲಿ ತಿರುಗಾಟ ಶುರುವಾಗಿ, ನಾಟಕಗಳು ಊರೂರಿಗೆ ಹೊರಟವು.

ಸಲಹೆಗಾರ: ಭೇಷ್! ನಟರು ಊರಲ್ಲಿಲ್ಲದಾಗ ಹಾಲ್ ಮದುವೆಗೆ ಕೊಡಬಹುದು. (ಬರೆದುಕೊಳ್ಳುತ್ತಾನೆ.)

ಮೇಷ್ಟ್ರು: ದೀಪ ಕೆಟ್ಟರೆ, ಪರದೆ ಹರಿದರೆ ಖರ್ಚು ಯಾರದು?

ಸಲಹೆಗಾರ: ನಿರ್ವಹಣೆಗೆ ಕಾಲಂ ಇಲ್ಲ ಸಾರ್. ಉದ್ಘಾಟನೆಗೆ ಮೂರು ಕಾಲಂ ಇವೆ.

ಮೇಷ್ಟ್ರು: ಕಾಲಂ ಇರಲಿ, ಶಿಸ್ತೂ ಬೇಕಲ್ಲ. ಬೆಂಗಳೂರಿನ ರಂಗಶಂಕರ ರಂಗಮಂದಿರ ನೋಡಿದೀಯಾ? 2004ರಲ್ಲಿ ಶುರುವಾಯ್ತು. ನಾಟಕ ಆರಂಭವಾದ ಮೇಲೆ ತಡವಾಗಿ ಬಂದೋರನ್ನ ಒಳಗೆ ಬಿಡಲ್ಲ.

ಸಲಹೆಗಾರ: ದುಡ್ಡು ಕೊಟ್ಟ ಗಿರಾಕೀನೂ? ಹಾಗಾದ್ರೆ ನಮ್ಮ ಉದ್ಘಾಟನೆಗೆ ಬರೋ ಮಂತ್ರಿಗಳ ಗತಿ?

ಮೇಷ್ಟ್ರು: ಅವರಿಗೂ ಅದೇ ನಿಯಮ. ಪ್ಲಾನಿಗೆ ಸೇರಿಸು.

ಸಲಹೆಗಾರ: ಯಾವ ಲೆಕ್ಕದಲ್ಲಿ ಸಾರ್?

ಮೇಷ್ಟ್ರು: ಉಳಿತಾಯದ ಲೆಕ್ಕದಲ್ಲಿ. ಭಾಷಣ ಉಳಿಯುತ್ತಲ್ಲ!

ಸಲಹೆಗಾರ: ಒಪ್ಪಿದೆ ಸಾರ್. ಆದ್ರೆ ಈ ನಿಯಮ ಮೂರನೇ ಹಂತಕ್ಕೆ.