ಎಂಬತ್ತೆಂಬತ್ತರ ಮಾಣಿ

ಸೀತೂರಿನ ಕಡೆ ಹೋದರೆ ಇಂಥವನೊಬ್ಬ ನಿಮಗೂ ಸಿಕ್ಕಾನು. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿ ಲ್ಯಾಪ್‌ಟಾಪ್ ಬಗಲಿಗೇರಿಸಿ ಊರಿಗೆ ಬಂದವನು, ಒಂದಲ್ಲ ಒಂದು ನೆಪ ಹೇಳಿ ಇಲ್ಲೇ ಉಳಿದುಬಿಟ್ಟ. ಅಡಿಕೆ ಕೊಯ್ಲಿಗೆ ಕರೆದರೆ "ಮೀಟಿಂಗ್ ಇದೆ" ಅನ್ನುತ್ತಾನೆ, ಮೀಟಿಂಗಿಗೆ ಕರೆದರೆ "ಕರೆಂಟಿಲ್ಲ" ಅನ್ನುತ್ತಾನೆ. ಎರಡೂ ನಿಜವೇ ಆಗಿರುವುದರಿಂದ ಯಾರೂ ಏನೂ ಮಾಡುವ ಹಾಗಿಲ್ಲ. ತಲೆ ನರೆಯುತ್ತಾ ಬಂದರೂ ಮನೆಯವರ ಬಾಯಲ್ಲಿ ಅವನಿನ್ನೂ ಮಾಣಿ. ಎಂಬತ್ತೆಂಬತ್ತು ಅನ್ನುವುದು ಸ್ನೇಹಿತರು ಸೇರಿಸಿದ್ದು.

ಚಾಳಿ ಒಂದೇ. ಹತ್ತು ಜನ ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ಒಂದು ಲಾಗಿನ್ ಕೊಟ್ಟರೆ ಸಾಕು, ಸಂಜೆಯೊಳಗೆ ತನ್ನದೊಂದು ಸ್ವಂತ ಸರ್ವರ್ ಎಬ್ಬಿಸಿ ಕೂರಿಸಿರುತ್ತಾನೆ. ಕೂಡುಕುಟುಂಬದಲ್ಲಿದ್ದುಕೊಂಡೇ ಹಿತ್ತಿಲಲ್ಲಿ ಬೇರೆ ಒಲೆ ಹೂಡುವ ಪೈಕಿ. ಅಕ್ಕಿ ಮನೆಯದು, ಸೌದೆ ಮನೆಯದು, ಸಾರು ಮಾತ್ರ ತನ್ನದು.

ಕೇಳಿದರೆ ಕಾರಣ ಗಟ್ಟಿಯಾಗಿಯೇ ಇದೆ. ತೋಟದಲ್ಲಿ ಮಳೆ ಅಳೆಯುವ ಯಂತ್ರ ಇಟ್ಟಿದ್ದಾನೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕಲ್ಲ. ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ ಅಳೆದಿಟ್ಟುಕೊಂಡು ಹೊಳವಿಗೆ ಕಾಯುವುದೇ ಆಷಾಢದ ಕೆಲಸ. ಮಳೆಯ ಲೆಕ್ಕ ಅಟ್ಟದ ಮೇಲಿನ ಹಳೇ ಕಂಪ್ಯೂಟರಿಗೆ ಬರುತ್ತದೆ. ಆದರೆ ಇಂಟರ್ನೆಟ್ಟಿನವರು ಹತ್ತಾರು ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂಡಿಹಾಕಿರುವುದರಿಂದ ಹೊರಗಿನವರು ಆ ಕಂಪ್ಯೂಟರಿಗೆ ಬರಲು ದಾರಿಯಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ಹಳೇ ಕಾಲೇಜು ಗೆಳೆಯರು ಚಂದಾ ಹಾಕಿ ಬಾಡಿಗೆಗೆ ಹಿಡಿದಿರುವ ಲಿನಕ್ಸ್ ಯಂತ್ರಕ್ಕೆ ಅಟ್ಟದಿಂದ ಒಂದು ಎಸ್ಸೆಸ್ಸೆಚ್ ಸುರಂಗ ಕೊರೆದಿದ್ದಾನೆ. ಅಲ್ಲಿ 8080ನೇ ಪೋರ್ಟಿನಲ್ಲಿ ಕೂತ ಅವನ ಪ್ರೋಗ್ರಾಮು ಕೇಳಿದವರಿಗೆಲ್ಲ ಸೀತೂರಿನ ಮಳೆ ಹೇಳುತ್ತದೆ. ಅಪ್ಪಯ್ಯ ಜಗಲಿಯಿಂದ ಕೈ ಚಾಚಿ ನೋಡಿ ಹೇಳುವುದನ್ನು ಇವನು ಬೆಂಗಳೂರಿನಿಂದ ತರಿಸಿ ಹೇಳುತ್ತಾನೆ.

8080ಕ್ಕೇ ಏಕೆ ಹೋದ ಅಂದರೆ, ವೆಬ್ಬಿನ ಮಾಮೂಲಿ ಬಾಗಿಲಾದ 80ಕ್ಕೆ ಕೈ ಎಟುಕುವುದಿಲ್ಲ. ಯುನಿಕ್ಸ್ ವಂಶದಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳು ರೂಟ್ ಎಂಬ ಯಜಮಾನರ ಸೊತ್ತು. ಸಣ್ಣ ನಂಬರಿನಿಂದ ಬಂದ ಮಾತು ಯಜಮಾನರದ್ದೇ ಎಂದು ಒಂದು ಕಂಪ್ಯೂಟರು ಇನ್ನೊಂದನ್ನು ನಂಬುತ್ತಿದ್ದ ಕಾಲದ ಕಟ್ಟಳೆ ಅದು. ಅಲ್ಲಿಂದಾಚೆ 65535ರವರೆಗೆ ಬಯಲು, ಮೊದಲು ಕೂತವನದ್ದೇ ಜಾಗ.

ಆ ಯಂತ್ರದ ಅಡ್ಮಿನ್ ಕಾಲೇಜಿನಲ್ಲಿ ಇವನಿಗೆ ಸೀನಿಯರ್. ಒಂದು ದಿನ ಫೋನು ಮಾಡಿದ.

"8080ರಲ್ಲಿ ಕೂತಿರೋದು ಯಾರೋ?"

"ಸಣ್ಣದು ಅಣ್ಣಾ. ಹತ್ತು ಎಂಬಿನೂ ತಿನ್ನಲ್ಲ."

"ತಿನ್ನೋದು ಬಿಡು, ಬಾಗಿಲು ತೆಗೆದಿಟ್ಟಿದ್ದೀಯಲ್ಲ. ಪಾಸ್‌ವರ್ಡ್ ಇದೆಯಾ?"

"ಮಳೆಗೆ ಎಂತಾ ಪಾಸ್‌ವರ್ಡ್ ಅಣ್ಣಾ?"

ಅಡ್ಮಿನ್ ಆ ರಾತ್ರಿಯೇ ಸೆಟ್ಟಿಂಗ್ ತಿರುಗಿಸಿದ: ಲಾಗೌಟ್ ಆದವನ ಪ್ರೋಗ್ರಾಮುಗಳೆಲ್ಲ ಅವನ ಹಿಂದೆಯೇ ಸಾಯತಕ್ಕದ್ದು. 2016ರಲ್ಲಿ, ಲಿನಕ್ಸಿನಲ್ಲಿ ಪ್ರೋಗ್ರಾಮುಗಳ ಉಸ್ತುವಾರಿ ನೋಡುವ ಸಿಸ್ಟಮ್‌ಡಿ ಇದನ್ನೇ ಎಲ್ಲರಿಗೂ ಡಿಫಾಲ್ಟ್ ಮಾಡಹೊರಟಾಗ ಲೋಕದ ಮಾಣಿಗಳೆಲ್ಲ ಒಟ್ಟಾಗಿ ಬೊಬ್ಬೆ ಹೊಡೆದಿದ್ದರು. ಡೆಬಿಯನ್ ಎಂಬ ಲಿನಕ್ಸ್ ಬಳಗದವರು ತಮ್ಮಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿಯೂ ಬಿಟ್ಟರು. ನನ್ನ ಕೇಳಿದರೆ ಇದು ಅಷ್ಟು ದೊಡ್ಡ ಜಗಳವೇ ಅಲ್ಲ. ಬಳಕೆದಾರ ಹೊರಟ ಮೇಲೂ ಪ್ರೋಗ್ರಾಮು ಉಳಿಯಲು 'ಲಿಂಗರ್' ಎಂಬ ಏರ್ಪಾಡಿದೆ, ಇಂತಿಷ್ಟೇ ಮೆಮೊರಿ ಎಂದು ಬೇಲಿ ಹಾಕುವ ಏರ್ಪಾಡೂ ಇದೆ. ಕೇಳಿ ಪಡೆದರೆ ಮುಗಿಯಿತು. ಆದರೆ ಕೇಳಿ ಪಡೆಯುವುದರಲ್ಲಿ ಮಾಣಿಗೆ ರುಚಿಯಿಲ್ಲ. ಹದಿನೈದು ದಿನ ಲಾಗೌಟೇ ಆಗದೆ ಕೂತ. ಕರೆಂಟು ಹೋದಾಗ ಯುಪಿಎಸ್‌ನ ಪಕ್ಕ ಅವನು ಕೂತಿದ್ದ ಭಂಗಿ ನೋಡಿ ಅತ್ತಿಗೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡರು. ಕಡೆಗೆ ಅಡ್ಮಿನ್‌ಗೇ ಬೇಜಾರಾಗಿ ಲಿಂಗರ್ ಕೊಟ್ಟ.

ಇದೇ ಮಾಣಿ ಅಟ್ಟದ ಕಂಪ್ಯೂಟರಿಗೆ ಸ್ವತಃ ರೂಟ್. ಅಣ್ಣನ ಮಗಳು ಒಂದು ಲಾಗಿನ್ ಕೇಳಿದ್ದಕ್ಕೆ, ಹಂಚಿಕೊಂಡ ಯಂತ್ರದಲ್ಲಿ ಹೇಗಿರಬೇಕು ಎಂದು ಅರ್ಧ ಗಂಟೆ ಕೊರೆದು ಕೊಟ್ಟ. ನೋಟ್ಸ್ ಬರೆದುಕೊಳ್ಳಲಿಲ್ಲ ಎಂದು ಗದರಿಸಿದ ಕೂಡ. ಮುಂದಿನ ಭಾನುವಾರ ಅಟ್ಟದಲ್ಲಿ ಫ್ಯಾನು ಅಡಿಕೆ ಸುಲಿಯುವ ಮಿಷನ್ನಿನ ಹಾಗೆ ಅರಚತೊಡಗಿತು. ಮಳೆಯ ಲೆಕ್ಕ ತೆವಳುತ್ತಾ ಬಂದು ನಿಂತೇಹೋಯಿತು. ಮಾಣಿ ಏಣಿ ಹತ್ತಿ ಹೋದವನು ಅಷ್ಟೇ ವೇಗದಲ್ಲಿ ಇಳಿದ.

"25565ರಲ್ಲಿ ಕೂತಿರೋದು ಯಾರು?"

"ನಾನೇ ಚಿಕ್ಕಪ್ಪ. ಮೈನ್‌ಕ್ರಾಫ್ಟ್. ಕೊಪ್ಪದವರಿಬ್ಬರು, ಶೃಂಗೇರಿಯವಳೊಬ್ಬಳು ಆಡ್ತಿದ್ದಾರೆ."

"ಹೊರಗಿನವರು ಅಟ್ಟಕ್ಕೆ ಹೆಂಗೆ ಬಂದ್ರು? ದಾರಿನೇ ಇಲ್ಲವಲ್ಲ!"

"ನಿನ್ನ ಸುರಂಗದಲ್ಲೇ. ಸ್ಕ್ರಿಪ್ಟು ಯಾರು ಬೇಕಾದರೂ ತಿದ್ದೋ ಹಾಗೆ ಇಟ್ಟಿದ್ದೀಯಲ್ಲ, ಒಂದು ಸಾಲು ಸೇರಿಸಿದೆ."

"ಕೇಳಬಾರದಾ?"

"ಲಿಂಗರ್ ಕೇಳೋಣ ಅಂತಿದ್ದೆ. ನೀನು ಮೀಟಿಂಗಲ್ಲಿದ್ದೆ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅಡ್ಮಿನ್. ಮಾಣಿ ಗಂಟಲು ಸರಿಮಾಡಿಕೊಂಡು, ಹುಡುಗಿಯತ್ತ ಒಮ್ಮೆ ನೋಡಿ, ಅವಳು ತಲೆಯಾಡಿಸಿದ ಮೇಲೆ ಎತ್ತಿದ.

"ಹಲೋ ಅಣ್ಣಾ, ಈ ಸಲದ್ದಕ್ಕೆ ಪಾಸ್‌ವರ್ಡ್ ಇದೆ."